ಓರ್ಕನ ದನಿ

"ಕೊಡಲಿ ಎತ್ತಿದೀನಿ ಕಣೋ, ಕಳ್ಳ ನನ್ಮಗನೇ!" ಅಣ್ಣ ಓರ್ಕನ ಗೊಗ್ಗರು ದನಿಯಲ್ಲಿ ಗುಡುಗಿ, ಮುಂದೆ ನಿಲ್ಲಿಸಿದ್ದ ರಟ್ಟಿನ ಮರೆಯಲ್ಲಿ ಇಪ್ಪತ್ತು ಮುಖದ ದಾಳ ಉರುಳಿಸಿದ. ಓರ್ಕ್ ಎಂಬ ಕೋರೆಹಲ್ಲಿನ ರಾಕ್ಷಸರು ಆಳುವ, ಆಟದ ಕಥೆಯೊಳಗಿನ ಬಂದರಿನಲ್ಲಿ ಕಾನೂನೇ ಇರಲಿಲ್ಲ. ಆಟ ನಡೆಸುವ ಅಣ್ಣನಿಗೆ ಮಾತ್ರ ಒಂದಿತ್ತು: ದಾಳ ಹೇಳಿದ್ದೇ ಕೊನೆಯ ಮಾತು. ಹೋದ ವಾರ ಸ್ವಂತ ಹೆಂಡತಿಯ ಪಾತ್ರವನ್ನೇ ಮುಲಾಜಿಲ್ಲದೆ ಕೊಂದಿದ್ದ. ಅವಳೀಗ ಬರೀ ನೋಡುತ್ತ ಕೂತಿದ್ದಳು.

ಕಳ್ಳನ ಪಾತ್ರ ತಮ್ಮನದು. ಅಪ್ಪನ ಹೊಲಿಗೆ ಅಂಗಡಿಯ ನಡುವೆ ಪಾಲಿನ ಗೋಡೆ ಎದ್ದ ಮೇಲೆ ಇಬ್ಬರೂ ಮಾತು ಬಿಟ್ಟಿದ್ದರು. ಭಾನುವಾರದ ಆಟ ಬಿಟ್ಟಿರಲಿಲ್ಲ. ಓರ್ಕನ ಬಾಯಲ್ಲಿ ಅಣ್ಣ ಬೈಯುವುದು, ಕಳ್ಳನ ಬಾಯಲ್ಲಿ ತಮ್ಮ ತಿರುಗಿಸಿ ಕೊಡುವುದು, ಎರಡು ತಿಂಗಳಿಂದ ಇದ್ದ ಬಳಕೆ ಇಷ್ಟೇ.

ದಾಳ ನಿಂತಿತು. ಇಪ್ಪತ್ತು ಬಿದ್ದರೆ ಕಳ್ಳನ ತಲೆ ಹೋಯಿತೆಂದೇ ಲೆಕ್ಕ. ಅಣ್ಣ ಅದನ್ನು ಅಂಗೈಯಿಂದ ಮುಚ್ಚಿದ.

"ಎರಡು," ಎಂದ. "ಏಟು ತಪ್ತು."

ಅಣ್ಣ ಮುಚ್ಚುವ ಮೊದಲೇ ಪಕ್ಕದ ಬೀರುವಿನ ಕನ್ನಡಿಯಲ್ಲಿ ತಮ್ಮನಿಗೆ ದಾಳ ಕಂಡಿತ್ತು.

"ಅಣ್ಣಾ, ಬಿದ್ದಿರೋದು ಇಪ್ಪತ್ತು."

ಅಣ್ಣ ಕೈ ತೆಗೆಯಲಿಲ್ಲ. ಆದರೆ ಈ ಸಲ ದನಿ ಓರ್ಕನದಾಗಿರಲಿಲ್ಲ.

"ಗೊತ್ತು. ಸುಮ್ನೆ ಓಡೋ."