ಕಟ್ ಹೇಳುವವರೆಗೆ

ನಲವತ್ತು ವರ್ಷ ತಮ್ಮ ನಾಯಕರನ್ನು ಚಂದ್ರಲೋಕಕ್ಕೂ ಸಮುದ್ರದ ತಳಕ್ಕೂ ಕಳಿಸಿ, ಕೂದಲೂ ಕೊಂಕದಂತೆ ವಾಪಸ್ ಕರೆಸಿಕೊಂಡಿದ್ದ ನಿರ್ದೇಶಕರು ಮೊದಲ ಬಾರಿಗೆ ಒಬ್ಬನನ್ನು ಸಾಯಿಸುತ್ತಿದ್ದರು.

ಮುರಿದ ಗಗನನೌಕೆಯೊಳಗೆ ನಾಯಕ ಒದ್ದಾಡಿ ಬಿದ್ದ. ಹೆಲ್ಮೆಟ್ಟಿನ ಗಾಜಿಗೆ ಉಸಿರಿನ ಮಂಜು ಕವಿದು ಮುಖ ಮರೆಯಾಯಿತು. ಆಮೇಲೆ ಅವನು ಅಲುಗಲಿಲ್ಲ.

ಕಟ್ ಮಾತ್ರ ಬರಲಿಲ್ಲ.

ಸಹನಿರ್ದೇಶಕಿ ಮಂಜರಿ ನಾಯಕನ ಎದೆ ಏರಿಳಿಯುತ್ತಿದೆಯೇ ಎಂದು ದಿಟ್ಟಿಸಿದಳು. ಆ ಸೆಟ್ಟಿನಲ್ಲಿ ಕಟ್ ಹೇಳುವ ಹಕ್ಕು ನಿರ್ದೇಶಕರೊಬ್ಬರಿಗೇ. ಅಲ್ಲಿಯವರೆಗೆ ಯಾರೂ ಮಿಸುಕುವಂತಿಲ್ಲ.

"ಹೆಲ್ಮೆಟ್ ಒಳಗಿನ ಫ್ಯಾನ್ ಓಡ್ತಿದೆಯಾ?" ಎಂದು ಕ್ಯಾಮೆರಾಮನ್‌ನ ಕಿವಿಯಲ್ಲಿ ಪಿಸುಗುಟ್ಟಿದಳು.

"ಸದ್ದು ಬರುತ್ತೆ ಅಂತ ಆಫ್ ಮಾಡ್ಸಿದ್ರು. ಸುಮ್ನಿರಮ್ಮ, ಸರ್ ನೋಡ್ತಿದಾರೆ."

ನಿರ್ದೇಶಕರು ಗದ್ದಕ್ಕೆ ಕೈಕೊಟ್ಟು ಮಾನಿಟರನ್ನೇ ನೋಡುತ್ತಿದ್ದರು.

"ಉಸಿರಾಡೋದೇ ಕಾಣ್ತಿಲ್ವಲ್ಲ."

"ಅದಕ್ಕೇ ಸರ್ ಕಟ್ ಹೇಳ್ತಿಲ್ಲ. ಅಂಥಾ ನಟನೆ."

ಮಂಜರಿಗೆ ತಡೆಯಲಾಗಲಿಲ್ಲ. ಕ್ಯಾಮೆರಾ ಓಡುತ್ತಿದ್ದಂತೆಯೇ ನುಗ್ಗಿ ಹೆಲ್ಮೆಟ್ ಕಿತ್ತಳು. ಬೆವರಿನಲ್ಲಿ ತೊಯ್ದಿದ್ದ ನಾಯಕ ಕಣ್ಣು ಬಿಟ್ಟ.

"ಯಾಕ್ ಮೇಡಂ? ಸರ್ ಇನ್ನೂ ಕಟ್ ಹೇಳಿಲ್ವಲ್ಲ."

ಅವಳಿಗೆ ಹೋದ ಜೀವ ಬಂದಂತಾಯಿತು. "ಮೊದ್ಲು ಕ್ಯಾಮೆರಾ ನೋಡಿ ನಕ್ಬಿಡಿ" ಎಂದಳು. ಸತ್ತಂತೆ ನಟಿಸಿದವರು ಎದ್ದೊಡನೆ ಕ್ಯಾಮೆರಾಗೆ ನಕ್ಕರೆ ಸಾವು ಸೆಟ್ಟು ಬಿಟ್ಟು ಹೋಗುತ್ತದೆ ಎಂಬುದು ಸಿನಿಮಾದವರ ನಂಬಿಕೆ.

ಅವನು ಹಲ್ಲು ಬಿಟ್ಟು ನಕ್ಕ. ಆ ನಗು ಮಾನಿಟರ್ ತುಂಬ ಹರಡಿತು. ಅದರೆದುರು ಕೂತಿದ್ದ ನಿರ್ದೇಶಕರ ತೆರೆದ ಕಣ್ಣಿನ ಮೇಲೆ ನೊಣವೊಂದು ನಿಧಾನವಾಗಿ ನಡೆದಾಡುತ್ತಿತ್ತು.