ಗೆರೆ ಇಲ್ಲದ ಬೆರಳು

ಖೈರುನ್ನೀಸಾಳ ಬೆರಳುಗಳಲ್ಲಿ ಗೆರೆಗಳಿರಲಿಲ್ಲ. ಹಜ್ ವೀಸಾಕ್ಕೆ ಬೆರಳಚ್ಚು ಕೊಡಲು ಅದೇ ಕೊನೆಯ ದಿನ. ಗಂಡ ಗೌಸ್ ಪಾಷಾನದು ಒಂದೇ ಸಲಕ್ಕೆ ಮುಗಿದಿತ್ತು. ಅವನು ರಾಮನಗರದ ಮಾರುಕಟ್ಟೆಯಿಂದ ರೇಷ್ಮೆಗೂಡು ತರುತ್ತಿದ್ದ. ಕುದಿಯುವ ನೀರಿನ ತೊಟ್ಟಿಗೆ ಕೈ ಹಾಕಿ ಆ ಗೂಡುಗಳಿಂದ ನೂಲು ತೆಗೆಯುತ್ತಿದ್ದವಳು ಅವಳು.

“ಒಸಿ ಗಟ್ಟಿಯಾಗಿ ಒತ್ತಮ್ಮ. ಬೆರಳಾ ಇದು, ಸವೆದ ಸೋಪಾ?” ಎಂದ ಬೆರಳಚ್ಚು ಯಂತ್ರದ ಮುಂದೆ ಕೂತಿದ್ದ ಕೇಂದ್ರದ ಚಿಕ್ಕರಾಜು. ಅವಳು ಬೆರಳನ್ನು ಬುರ್ಖಾಕ್ಕೆ ಒರೆಸಿ, ಬಿಸ್ಮಿಲ್ಲಾ ಎಂದು ಒತ್ತಿದಳು. ಮತ್ತೆ ಕೆಂಪು ದೀಪ. “ಆಗಾಕಿಲ್ಲ ಕಣಮ್ಮ. ಯಜಮಾನ್ರು ಒಬ್ರೇ ಹೋಗ್ಬರ್ಲಿ.”

ಗೌಸ್ ಪಾಷಾ ತನ್ನ ಪಾಸ್‌ಪೋರ್ಟನ್ನು ಜೇಬಿಗೆ ಇಳಿಸಿದ. “ಮಕ್ಕಾದಿಂದ ಕರೆ ಬಂದೋರೇ ಅಲ್ಲಿಗೆ ಹೋಗೋದು. ನಿಂಗಿನ್ನೂ ಬಂದಿಲ್ಲ, ಬುಡು.”

ಆ ತೊಟ್ಟಿಯ ಪಕ್ಕದಲ್ಲೇ ಚಾಪೆ ಹಾಸಿ, ದಿನಕ್ಕೆ ಐದು ಸಲ ಮಕ್ಕಾದ ದಿಕ್ಕಿಗೆ ಬಾಗಿದವಳು ಮೊದಲ ಸಲ ಗಂಡನಿಗೆ ಎದುರು ಮಾತಾಡಿದಳು. “ಕರೆ ಬಂದಿತ್ತು ಕಣ್ರೀ. ನಿಮ್ ತೊಟ್ಟಿ ಬುಡ್ನಿಲ್ಲ.” ಎರಡೂ ಕೈ ಬಿಡಿಸಿ ಅವನ ಮುಖದ ಮುಂದೆ ಹಿಡಿದಳು. ಮೂವತ್ತು ವರ್ಷದಲ್ಲಿ ಹತ್ತು ಬೆರಳಿನ ಗೆರೆಗಳೂ ಹೋಗಿದ್ದವು.