ಮಣ್ಣಿನ ಟ್ರಾಲಿ

ಇವತ್ತು ದೋಸೆಗೆ ಅಕ್ಕಿ ನೆನೆಹಾಕಿದೆ, ಹಂಡೆ ತಿಕ್ಕಿದೆ, ಬಾವಿಯ ರಾಟೆಗೆ ಗ್ರೀಸ್ ಹಚ್ಚಿದೆ. ಆ ವಾಸನೆಗೆ ಬಂಟ್ವಾಳದ ಹಂಚಿನ ಕಾರ್ಖಾನೆಯ ಗುಡ್ಡ ನೆನಪಾಯಿತು. ಅಲ್ಲಿ ಹಳಿಯ ಮೇಲೆ ಒಂದೇ ಹಗ್ಗದ ಎರಡು ತುದಿಗೆ ಕಟ್ಟಿದ ಎರಡು ಟ್ರಾಲಿಗಳಿದ್ದವು. ಹಂಚು ತುಂಬಿದ್ದು ಇಳಿದರೆ ಮಣ್ಣು ತುಂಬಿದ್ದು ಹತ್ತುತ್ತಿತ್ತು. ಗುಡ್ಡದ ತುದಿಯ ಬ್ರೇಕ್ ಅಲ್ಲಿ ಕೆಲಸಕ್ಕಿದ್ದ ಅಮ್ಮನ ಕೈಯಲ್ಲಿ.

ಕಾಲು ಉಳುಕಿದ್ದ ಅಜ್ಜಿಯನ್ನು ಮೇಸ್ತ್ರಿ ಟ್ರಾಲಿಯಿಂದ ಇಳಿಸಿದ್ದ: "ಇದು ಮಣ್ಣಿಗೆ, ಮುದುಕಿಯರಿಗಲ್ಲ." ವಾರ ಕಳೆದು, ಗುಡ್ಡದ ಮೇಲಿನ ಮದುವೆಗೆ ಹೊರಟ ಮೇಸ್ತ್ರಿ ಬಿಳಿ ಪಂಚೆಯುಟ್ಟು ಮೇಲೇರುವ ಮಣ್ಣಿನ ಟ್ರಾಲಿಯಲ್ಲಿ ತಾನೇ ಹತ್ತಿ ಕೂತ. ಅರ್ಧ ಗುಡ್ಡದಲ್ಲಿ ಅಮ್ಮ ಬ್ರೇಕ್ ಹಾಕಿದಳು.

"ಬಿಡು ಮಾರಾಯ್ತಿ, ಊಟಕ್ಕೆ ತಡ ಆಗ್ತದೆ!"

"ಇದು ಮಣ್ಣಿಗೆ ಅಲ್ವಾ ಮೇಸ್ತ್ರಿಗಳೇ? ಇಳಿದು ನಡೀರಿ."

ಜಾರುವ ಕೆಂಪು ಕೆಸರಲ್ಲಿ ಕೈಯೂರಿ ಹತ್ತಿ ಬಂದವನು, "ನಾಳೆಯಿಂದ ನಿನಗೆ ಕೆಲಸ ಇಲ್ಲ" ಎಂದ.

ರಾತ್ರಿ ಗಂಜಿ, ಸುಟ್ಟ ಒಣಮೀನು. ಪಂಚೆ ಎಷ್ಟು ಕೆಂಪಾಯಿತೆಂದು, ಅಮ್ಮನ ಪಕ್ಕ ನಿಂತು ಎಲ್ಲ ನೋಡಿದ್ದ ನನ್ನನ್ನು ಮತ್ತೆ ಮತ್ತೆ ಕೇಳಿ, ವಾರವಿಡೀ ನೋವಿಗೆ ನರಳಿದ್ದ ಅಜ್ಜಿಯೇ ಮೊದಲು ನಿದ್ದೆಹೋದಳು.